ಹಿತ್ತಲ ಬಾಗಿಲಿನ ಕೆಂಪು ಬೀಗ

ಮನೆಯಿಂದ,
ಹನ್ನೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

ಪ್ರೀತಿಯ ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ. ಇರಲಿ, ಹೊಡೆದುಹಾಕುವುದಿಲ್ಲ. ನಿಮ್ಮ ಆರೋಗ್ಯ ಹೇಗಿದೆ? ಸೊಂಟನೋವು ಇಳಿಯಿತೆ? ಕಣ್ಣು ಹೇಗಿದೆ? ಕಣ್ಣನ್ನು ಯಾಕೆ ವಿಚಾರಿಸುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ, ತಾಳ್ಮೆಯಿಂದ ಓದಿ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯವರಿಗೆ ಮಂಡಿನೋವು ಇದ್ದದ್ದೇ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ಮಗಳ ಸುದ್ದಿ ಒಂದಿದೆ, ಕೊನೆಗೆ ಬರೆಯುತ್ತೇನೆ. ಅಕ್ಷರ ಅಲುಗಾಡಿದ್ದರೆ ಅದು ನನ್ನ ಕೈಯ ತಪ್ಪಲ್ಲ, ಮೇಜಿನದು. ಅದರ ಕುಂಟು ಕಾಲಿನ ಕೆಳಗೆ ನೀವು ಮಡಚಿ ಇಟ್ಟಿದ್ದ ಪುಸ್ತಕವನ್ನು ಇವತ್ತು ಬೆಳಗ್ಗೆ ಎಳೆದುಕೊಂಡೆ. ಧೂಳು ಒರೆಸಿ ನೋಡಿದರೆ ‘ವಿದ್ಯುತ್ ಕೆಲಸಗಾರರ ಸುರಕ್ಷತೆ’ ಎಂದಿದೆ. ಕಂಪನಿಯವರು ನಿಮಗೆ ಓದಲು ಕೊಟ್ಟದ್ದು. ಇಷ್ಟು ವರ್ಷ ಮೇಜಿನ ಸುರಕ್ಷತೆಯನ್ನು ಅದು ಚೆನ್ನಾಗಿಯೇ ನೋಡಿಕೊಂಡಿದೆ, ಅಷ್ಟನ್ನು ಒಪ್ಪುತ್ತೇನೆ.

ನಿಮ್ಮ ಕಾಗದ ಕಳೆದ ವಾರ ಕೈಸೇರಿತು. ‘ಇಲ್ಲಿ ಎಲ್ಲ ಆರಾಮ, ಕೆಲಸ ಸುಸೂತ್ರ.’ ಎರಡು ತಿಂಗಳಿಗೆ ಒಂದೇ ಸಾಲು. ಅದರ ಬೆನ್ನಿಗೇ ನಿನ್ನೆ, ನಿಮ್ಮ ಜೊತೆಯ ಫಿಟ್ಟರ್, ನಮ್ಮ ‘ಮೀಸೆ’, ರಜೆಯ ಮೇಲೆ ಬಂದವನು ನೀವು ಅತ್ತೆಗೆ ಕಳಿಸಿದ ಶಾಲು ಹಿಡಿದು ಮನೆಗೆ ಬಂದ. ಬಾಗಿಲು ತೆಗೆದ ಅತ್ತೆಯವರು ಕಣ್ಣು ಕಿರಿದು ಮಾಡಿ, “ಯಾರಪ್ಪಾ ನೀನು?” ಎಂದರು. ಅವರದೇನೂ ತಪ್ಪಿಲ್ಲ. ಇಪ್ಪತ್ತು ವರ್ಷ ಎಣ್ಣೆ ಹಚ್ಚಿ, ಬಾಚಿ, ಮಗುವಿನ ಹಾಗೆ ಸಾಕಿದ ಮೀಸೆ ಅವನ ಮುಖದ ಮೇಲೆ ಇರಲಿಲ್ಲ. “ಸೆಖೆ ಅತ್ತಿಗೆ, ಅದಕ್ಕೇ ತೆಗೆಸಿಬಿಟ್ಟೆ” ಎಂದ. ಸರಿ, ಹುಬ್ಬನ್ನೂ ಸೆಖೆಗೇ ತೆಗೆಸಿದೆಯೇನೋ ಎಂದು ಕೇಳಿದೆ. ಚಹಾದ ಲೋಟ ಕೆಳಗಿಟ್ಟು ನೆಲ ನೋಡಿದ. ಬಲಗೆನ್ನೆಯ ಮೇಲೆ ಎಳೆಯ ಚರ್ಮ ಇನ್ನೂ ಕೆಂಪಗೆ ಹೊಳೆಯುತ್ತಿತ್ತು.

ಆಮೇಲೆ ಒಂದೊಂದೇ ಹೊರಬಂತು. ಕರೆಂಟಿನ ಪ್ಯಾನೆಲ್ಲಿನ ಒಳಗೆ ಒಂದು ಬೋಲ್ಟು ಸಡಿಲವಾಗಿತ್ತಂತೆ. ಐದು ನಿಮಿಷದ ಕೆಲಸವಂತೆ. ಅಷ್ಟಕ್ಕೆ ಇಡೀ ಲೈನ್ ನಿಲ್ಲಿಸಿದರೆ ಮ್ಯಾನೇಜರ್ ಮುಖ ಊದಿಸುತ್ತಾರಂತೆ. ಅದಕ್ಕೆ ಕರೆಂಟು ಹರಿಯುತ್ತಿರುವಾಗಲೇ ಬಾಗಿಲು ತೆಗೆದಿದ್ದೀರಿ. ಅವನ ಕೈಯಲ್ಲಿ ಸ್ಪ್ಯಾನರ್, ನಿಮ್ಮ ಕೈಯಲ್ಲಿ ಟಾರ್ಚು. ಒಂದು ವಾಷರ್ ಕೆಳಗೆ ಬಿತ್ತು, ಎತ್ತಿಕೊಳ್ಳಲು ನೀವು ಬಗ್ಗಿದಿರಿ, ಅದೇ ಹೊತ್ತಿಗೆ ಸ್ಪ್ಯಾನರ್ ಜಾರಿ ಒಳಗಿಂದ ಬೆಂಕಿ ಹೊರಚಿಮ್ಮಿತು. ನೀವು ನೆಟ್ಟಗೆ ನಿಂತಿದ್ದರೆ ನಾನು ಈಗ ಯಾರಿಗೆ ಕಾಗದ ಬರೆಯುತ್ತಿದ್ದೆ ಹೇಳಿ? ಒಂದು ವಾಷರಿನ ಋಣದಲ್ಲಿ ಸಂಸಾರ ನಡೆಸುತ್ತಿದ್ದೇನೆ. ಮುಖಕ್ಕೆ ಹಾಕುವ ಕವಚ ಗೋಡೆಯ ಮೊಳೆಗೆ ನೇತುಬಿದ್ದು ನಿಮ್ಮಿಬ್ಬರ ಶೌರ್ಯ ನೋಡುತ್ತಿತ್ತಂತೆ, ಬೆಂಕಿ ತಡೆಯುವ ಕೋಟು ‘ಬೆವರುತ್ತದೆ’ ಎಂದು ಪೆಟ್ಟಿಗೆಯಲ್ಲಿ ಮಲಗಿತ್ತಂತೆ. ಎರಡು ದಿನ ಅವನಿಗೆ ಕಣ್ಣು ಬಿಡಲಾಗಲಿಲ್ಲ. ಡಾಕ್ಟರಿಗೂ ಮ್ಯಾನೇಜರಿಗೂ ಏನು ಹೇಳಿದಿರಿ? ರೂಮಿನಲ್ಲಿ ಸ್ಟೌವ್ ಭುಗ್ಗೆಂದಿತು ಅಂತ. ಮದುವೆಯಾದಾಗಿನಿಂದ ಒಂದು ದಿನ ಒಲೆ ಹಚ್ಚಿದವರಲ್ಲ ನೀವು, ಈಗ ಒಲೆಯ ಮೇಲೆ ಗೂಬೆ ಕೂರಿಸಿದ್ದೀರಿ.

ಇಷ್ಟಕ್ಕೇ ಮುಗಿದಿದ್ದರೆ ಒಂದು ಸಲ ಬೈದು ಸುಮ್ಮನಾಗುತ್ತಿದ್ದೆನೇನೋ. ಆದರೆ ಸ್ವಿಚ್ಚು ಆಫ್ ಮಾಡೋಕೆ ನಿಮಗೇನು ಬಂದಿತ್ತು ಎಂದು ಕೇಳಿದಾಗ ಅವನು ಹೇಳಿದ ಮಾತು ಕೇಳಿ. “ಬರೀ ಆಫ್ ಮಾಡಿದ್ರೆ ಸಾಲಲ್ಲ ಅತ್ತಿಗೆ. ಆ ಕಡೆಯಿಂದ ಯಾರಾದ್ರೂ ಬಂದು ಆನ್ ಮಾಡಿಬಿಡ್ತಾರೆ. ಆಫ್ ಮಾಡಿ, ಅದರ ಮೇಲೆ ನಮ್ಮ ಬೀಗ ಹಾಕಿ, ಬೀಗದ ಕೈ ನಮ್ಮ ಜೇಬಲ್ಲೇ ಇಟ್ಕೋಬೇಕು. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದಾರೆ, ಕೆಂಪು ಬೀಗ.” ಮತ್ತೆ ಆ ಬೀಗ ಎಲ್ಲಿ? “ನಂದು ಸೈಕಲ್ಲಿಗೆ ಹಾಕಿದೀನಿ. ಅಣ್ಣಂದು ಇಲ್ಲೇ ಇದೆಯಲ್ಲ ಅತ್ತಿಗೆ” ಎಂದು ಗದ್ದ ಎತ್ತಿ ನಮ್ಮ ಹಿತ್ತಲ ಬಾಗಿಲು ತೋರಿಸಿದ. ಇನ್ನೊಂದು ಕೇಳಿದರೆ ಸ್ಟೋರಿನವರು ಹಳೆಯದನ್ನು ತೋರಿಸಿ ಎನ್ನುತ್ತಾರೆ, ಅದಕ್ಕೆ ನೀವು ಕೇಳಲೇ ಇಲ್ಲವಂತೆ. ಪ್ರಾಣಕ್ಕಿಂತ ಸಂಕೋಚ ದೊಡ್ಡದು.

ಮೂರು ವರ್ಷದಿಂದ ದಿನಕ್ಕೆ ನಾಲ್ಕು ಸಲ ಆ ಬೀಗ ತೆಗೆಯುತ್ತಾ ಹಾಕುತ್ತಾ ಇದ್ದೇನೆ. ನೀವು ತಂದ ದಿನ ನಾನೇ ಕೈಯಲ್ಲಿ ತೂಗಿ ನೋಡಿ, ಅಬ್ಬಾ, ಎಷ್ಟು ಗಟ್ಟಿಯಾಗಿದೆ, ಇಂಥದ್ದು ಅಂಗಡಿಯಲ್ಲಿ ಸಿಗಲ್ಲ ಎಂದು ಹೊಗಳಿದ್ದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ನಿನ್ನೆ ಮೀಸೆ ಹೋದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಅದರ ಲೇಬಲ್ಲನ್ನು ಮೊದಲ ಸಲ ಓದಿದೆ. ‘ಅಪಾಯ. ಈ ಬೀಗ ಹಾಕಿದವನು ಕೆಲಸ ಮಾಡುತ್ತಿದ್ದಾನೆ. ಅವನ ಹೊರತು ಯಾರೂ ತೆಗೆಯಕೂಡದು.’ ಕೆಳಗೆ ಹೆಸರು ಬರೆಯಲು ಒಂದು ಗೆರೆ, ಖಾಲಿ. ಒಂದು ಪದ್ಯದಲ್ಲಿ ಒಂದು ಪದ ಹಿಂದುಮುಂದಾದರೆ ಅರ್ಧ ದಿನ ಅದನ್ನೇ ಯೋಚಿಸುವವಳು ನಾನು, ಮೂಗಿನ ಕೆಳಗಿದ್ದ ಈ ಮೂರು ಸಾಲು ಓದಲಿಲ್ಲ. ಕಸದ ಬುಟ್ಟಿ, ಬಟ್ಟೆ ಒಣಗಿಸುವ ಹಗ್ಗ, ಒಡೆದ ಕುಂಡಗಳನ್ನು ಅದು ಕಾಯುತ್ತಾ ಇತ್ತು. ಕಾಯಬೇಕಾಗಿದ್ದ ಮನುಷ್ಯ ಬರಿಗೈಯಲ್ಲಿ ಪ್ಯಾನೆಲ್ಲಿನ ಮುಂದೆ ನಿಂತಿದ್ದ.

ಹಾಗಾಗಿ ಪುಸ್ತಕ ಎಳೆದು ಓದಿದೆ. ಇದಕ್ಕೆ ಆರ್ಕ್ ಫ್ಲ್ಯಾಶ್ ಎನ್ನುತ್ತಾರಂತೆ. ಕರೆಂಟು ಗಾಳಿಯಲ್ಲೇ ಹಾರಿ, ತಾಮ್ರ ಕಣ್ಣು ಮಿಟುಕಿಸುವುದರೊಳಗೆ ಆವಿಯಾಗಿ, ಸೂರ್ಯನ ಮೈಗಿಂತ ಹೆಚ್ಚು ಕಾವು ಏಳುತ್ತದಂತೆ. ಕಾವ್ಯದಲ್ಲಿ ಓದಿದ್ದರೆ ಉತ್ಪ್ರೇಕ್ಷೆ ಎಂದು ಪಕ್ಕದಲ್ಲಿ ಗುರುತು ಹಾಕುತ್ತಿದ್ದೆ. ಇದು ಅಳತೆ. ತಂತಿ ಮುಟ್ಟದಿದ್ದರೂ ಸುಡುತ್ತದೆ. ನೈಲಾನು, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ ಎಂದೂ ಇದೆ. ಇಸ್ತ್ರಿ ಬೇಡ ಎಂದು ನೀವು ಮೆಚ್ಚಿದ ಆ ನೀಲಿ ಶರಟುಗಳನ್ನು ಆರಿಸಿ ತಂದವಳು ನಾನೇ. ಇವತ್ತೇ ನೆಲ ಒರೆಸಲು ಹಾಕಿದ್ದೇನೆ, ಅಲ್ಲಿರುವುದನ್ನು ನೀವೂ ಹಾಗೇ ಮಾಡಿ. ಮೂರು ಹತ್ತಿ ಶರಟು ಕಳಿಸುತ್ತಿದ್ದೇನೆ. ಅದನ್ನು ಹಾಕಿಕೊಂಡೆ, ಇನ್ನು ಕೋಟು ಯಾಕೆ ಎನ್ನಬೇಡಿ. ಅದು ಒಳಗೆ, ಕೋಟು ಮೇಲೆ. ಬೆವರಿದರೆ ಬೆವರಿ, ಒಗೆದರೆ ಹೋಗುತ್ತದೆ.

‘ಏನಾಗಲ್ಲ ಬಿಡೇ’ ಎನ್ನುತ್ತೀರಿ. ಮನೆಯಲ್ಲಿ ಫ್ಯೂಸು ಹಾಕುವಾಗಲೂ ಅದೇ ಮಾತು, ಮೇನ್ ಆಫ್ ಮಾಡಿ ಎಂದರೆ ಅದೇ ನಗು. ಹೋದ ವಾರ ಅಡುಗೆಮನೆಯ ಪ್ಲಗ್ಗು ಕಿಡಿ ಹಾರಿಸುತ್ತಿತ್ತು. ಮಗಳು ಸ್ಕ್ರೂಡ್ರೈವರ್ ಹಿಡಿದು ಬಂದು ಬಿಚ್ಚಲು ಶುರು ಮಾಡಿದಳು. ಮೇನ್ ಆಫ್ ಮಾಡೇ ಎಂದೆ. ತಿರುಗಿಯೂ ನೋಡಲಿಲ್ಲ. “ಎರಡು ನಿಮಿಷದ ಕೆಲಸ ಅಮ್ಮಾ, ಏನಾಗಲ್ಲ ಬಿಡು. ಅಪ್ಪ ಹೀಗೇ ಮಾಡೋದು.” ಡಿಪ್ಲೊಮಾದಲ್ಲಿ ಮೊದಲ ದರ್ಜೆ ತೆಗೆದುಕೊಂಡ ಹುಡುಗಿ! ಮೂರು ವರ್ಷ ಮೇಷ್ಟರು ಹೇಳಿಕೊಟ್ಟದ್ದನ್ನು ನಿಮ್ಮ ಒಂದು ನಗು ಅಳಿಸಿಹಾಕಿದೆ. ಆ ದಿನ ನಾನೇ ಓಡಿಹೋಗಿ ಮೇನ್ ಆಫ್ ಮಾಡಿದೆ. ಎಲ್ಲ ಕಡೆಗೂ ನನಗೆ ಓಡಿಬರಲಾಗುತ್ತದೆಯೇ?

ಮ್ಯಾನೇಜರಿಗೆ ನಿಜ ಹೇಳಿ. ಸ್ಟೌವಿನ ಕಥೆ ಹಿಂದಕ್ಕೆ ತೆಗೆದುಕೊಳ್ಳಿ. ಮೀಸೆಗೂ ಅದನ್ನೇ ಹೇಳಿದ್ದೇನೆ, ಸೈಕಲ್ಲಿಗೆ ಬೇರೆ ಬೀಗ ಕೊಂಡಿದ್ದಾನೆ. ಅವನು ನಾಳೆ ಹಿಂತಿರುಗುತ್ತಾನೆ, ಈ ಕಾಗದವನ್ನೂ ಶರಟುಗಳನ್ನೂ ಅವನ ಕೈಯಲ್ಲೇ ಕೊಡುತ್ತೇನೆ. ಅತ್ತೆಯವರು ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಶಾಲು ಚುಚ್ಚುತ್ತದಂತೆ, ಅದನ್ನೂ ತಿಳಿಸಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಷ್ಟೆಲ್ಲ ಆದಮೇಲೂ,
ನಿಮ್ಮವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಮಗಳಿಗೆ ಕೆಲಸದ ಆರ್ಡರ್ ಬಂದಿದೆ, ಎಲೆಕ್ಟ್ರಿಕಲ್ ಟ್ರೈನಿ. ಎಲ್ಲಿ ಬೇಕು ಎಂದು ಕೇಳಿದ್ದಕ್ಕೆ ನಿಮ್ಮ ಸೈಟನ್ನೇ ಬರೆದುಕೊಟ್ಟಿದ್ದಳಂತೆ. ಅಪ್ಪನ ಕೈಕೆಳಗೇ ಕಲಿಯಬೇಕಂತೆ. ಗುರುವಾರ ಬೆಳಗ್ಗೆ ಆರರ ರೈಲಿಗೆ ಬಂದಿಳಿಯುತ್ತಾಳೆ, ಸ್ಟೇಷನ್ನಿಗೆ ಹೋಗಿ. ತಡೆಯುವ ಮನಸ್ಸು ನನಗಿಲ್ಲ, ತಡೆದರೆ ನಿಲ್ಲುವವಳೂ ಅಲ್ಲ. ಕೆಂಪು ಬೀಗ ಅವಳ ಚೀಲದಲ್ಲಿದೆ. ಹಿತ್ತಲ ಬಾಗಿಲಿಗೆ ಹಗ್ಗ ಕಟ್ಟಿದ್ದೇನೆ, ಕಳ್ಳ ಬಂದರೆ ಅತ್ತೆಯವರಿದ್ದಾರೆ. ಖಾಲಿ ಗೆರೆಯ ಮೇಲೆ ನಿಮ್ಮ ಹೆಸರನ್ನು ಅವಳ ಕೈಯಿಂದಲೇ ಬರೆಸಿದ್ದೇನೆ. ಮೊದಲ ದಿನವೇ ಅವಳ ಎದುರಿಗೆ ಆ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿಗೆ ಇಳಿಯುವುದನ್ನು ಅವಳು ಕಣ್ಣಾರೆ ನೋಡಲಿ. ನೀವು ಹೇಳಿದ್ದನ್ನು ಅವಳು ಯಾವತ್ತೂ ಕೇಳಿದವಳಲ್ಲ. ಮಾಡಿದ್ದನ್ನು ಮಾತ್ರ, ಒಂದನ್ನೂ ಬಿಡದೆ, ಕಲಿತಿದ್ದಾಳೆ.