ನಾನು ಹೇಳಿಕೊಟ್ಟ ಮೂರು ಪದ

ಪ್ರೀತಿಯ ಟೈಲರಣ್ಣ,

ವಯಸ್ಸಿನಲ್ಲಿ ನೀವು ನನಗಿಂತ ಎರಡು ವರ್ಷ ಚಿಕ್ಕವರು. ಆದರೂ ಈ ವೃದ್ಧರ ನಿವಾಸದಲ್ಲಿ ಎಲ್ಲರೂ ಕರೆಯುವ ಹಾಗೆ ನಾನೂ ನಿಮ್ಮನ್ನು ಅಣ್ಣ ಎಂದೇ ಕರೆದೆ. ಇವತ್ತು ಹೇಳಬೇಕಾದ ಮಾತು ಸುಲಭದ್ದಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ನೀವು ಮೇಲಿನ ಮಹಡಿಗೆ ಹೋಗಿ ಹನ್ನೊಂದು ದಿನವಾಯಿತು. ಮರೆವು ಹೆಚ್ಚಾದವರನ್ನು ಇಡುವ ಮಹಡಿ ಅದು. ನಂಬರ್ ಒತ್ತಿದರಷ್ಟೇ ಬಾಗಿಲು ತೆರೆಯುತ್ತದೆ, ಆ ನಂಬರನ್ನು ಒಳಗಿನವರಿಗೆ ಹೇಳುವುದಿಲ್ಲ. ನಿಮ್ಮ ಸೂಜಿ, ಕತ್ತರಿ ಎಲ್ಲ ತೆಗೆದಿಟ್ಟರಂತೆ. ಐವತ್ತು ವರ್ಷ ಬಟ್ಟೆ ಹೊಲಿದ ಕೈಗೆ ದಪ್ಪ ದಪ್ಪ ಪ್ಲಾಸ್ಟಿಕ್ ಮಣಿ ಕೊಟ್ಟು ಪೋಣಿಸಿ ಅನ್ನುತ್ತಾರಂತೆ. ಇಲ್ಲಿ ನನ್ನ ಪೈಜಾಮದ ಅಂಚು ಬಿಚ್ಚಿಕೊಂಡು ನೆಲ ಗುಡಿಸುತ್ತಿದೆ. ಯಾರ ಕೈಗೆ ಕೊಡಲಿ ಹೇಳಿ?

ನಮ್ಮ ಕಳ್ಳಾಟ ನಿಮಗೆ ನೆನಪಿದೆಯಲ್ಲ. ತಿಂಗಳಿಗೊಮ್ಮೆ ಡಾಕ್ಟರಮ್ಮ ಒಬ್ಬೊಬ್ಬರನ್ನೇ ಕರೆದು ಮೂರು ಪದ ಹೇಳುತ್ತಾರೆ, ಗಡಿಯಾರದ ಚಿತ್ರ ಬರೆಸುತ್ತಾರೆ, ಆಮೇಲೆ ಆ ಪದಗಳು ಯಾವುವು ಎಂದು ಕೇಳುತ್ತಾರೆ. ಆ ದಿನಕ್ಕೆ ಎಲ್ಲರಿಗೂ ಅವೇ ಪದ. ಮೊದಲು ಹೋದವನು ಹೊರಗೆ ಬಂದು, ಬೆಂಚಿನ ಮೇಲೆ ಕಾಯುವವನ ಕಿವಿಯಲ್ಲಿ ಊದಬೇಕು. ಉಪಾಯ ನನ್ನದೇ. ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ಇಲ್ಲದವರನ್ನು ಹಿಡಿದು ದಂಡ ಹಾಕಿದವನು ನಾನು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ನೀವು ನಕ್ಕು, "ನನಗೇನೋ ನೆನಪಿರುತ್ತೆ ಸಾಹೇಬ್ರೇ, ನಿಮ್ಮ ಸಮಾಧಾನಕ್ಕೆ ಇರ್ಲಿ ಬಿಡಿ" ಎಂದಿದ್ದಿರಿ.

ಆ ಸೋಮವಾರ ಮೊದಲು ಹೋದವನು ನಾನು. ಚಮಚ, ಸೇತುವೆ, ಹಸು. ಒಳಗೆ ಸರಿಯಾಗಿಯೇ ಒಪ್ಪಿಸಿದೆ. ಹೊರಗೆ ಬಂದು ನಿಮ್ಮ ಕಿವಿಯಲ್ಲಿ ಹೇಳಿದ್ದು ಕೊಡೆ, ಕಿಟಕಿ, ನಿಂಬೆಹಣ್ಣು. ಅವು ಹೋದ ತಿಂಗಳ ಪದಗಳು. ಆ ಬಾಗಿಲಿನಿಂದ ಬೆಂಚಿಗೆ ಹತ್ತು ಹೆಜ್ಜೆಯೂ ಇಲ್ಲ. ಅಷ್ಟರಲ್ಲೇ ತಲೆಯಿಂದ ಜಾರಿಹೋಗಿತ್ತು, ಜಾರಿದ್ದು ನನಗೆ ಗೊತ್ತೂ ಆಗಲಿಲ್ಲ.

ನೀವು ನಾನು ಹೇಳಿದ್ದನ್ನೇ ಹೇಳಿದಿರಿ. ಅದಕ್ಕೆ ಮುಂಚೆ ಎರಡು ಸಲ ಬೇರೆಯವರ ಕೋಣೆಗೆ ಹೋಗಿ ಮಲಗಿದ್ದಿರಿ, ಅದೂ ಲೆಕ್ಕಕ್ಕೆ ಬಂತು. ನಿಮ್ಮ ಮಗಳನ್ನು ಕರೆಸಿ ಸಹಿ ಹಾಕಿಸಿಕೊಂಡರು. ಲಿಫ್ಟಿನ ಹತ್ತಿರ ನನ್ನ ತೋಳು ಹಿಡಿದು ನೀವು ಪಿಸುಗುಟ್ಟಿದಿರಿ: "ನನಗೆ ಚಮಚ, ಸೇತುವೆ, ಹಸು ಅಂತ್ಲೇ ಕೇಳಿಸ್ತು ಸಾಹೇಬ್ರೇ. ಆದ್ರೆ ನೀವು ಬೇರೆ ಹೇಳಿದ್ರಲ್ಲ, ನನ್ನ ತಲೇನೇ ಕೆಟ್ಟಿದೆ ಅಂದ್ಕೊಂಡೆ." ನಾನು ಹೇಳಿಕೊಟ್ಟಿದ್ದು ತಪ್ಪು ಪದ ಎಂದು ಆಗಲೇ ನನಗೆ ಹೊಳೆದದ್ದು. ಬಾಯಿ ಬಿಟ್ಟರೆ ಮೇಲೆ ಹೋಗುವವನು ನಾನು. ಬಿಡಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿತು, ನಾನು ಹೋಗಿ ಊಟ ಮಾಡಿದೆ.

ಅವತ್ತಿನಿಂದ ಹೆದರಿ ಸಾಯುತ್ತಿದ್ದೇನೆ ಅಣ್ಣ. ನರ್ಸಮ್ಮ "ಯಾಕೆ ತಾತ, ಸಪ್ಪಗಿದ್ದೀರಿ?" ಎಂದರೂ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನನ್ನದು. ಏನು ಮಾಡಿದೆ, ಏನು ತಿಂದೆ ಎಂದು ಚೀಟಿಯಲ್ಲಿ ಬರೆದು ದಿಂಬಿನ ಕೆಳಗೆ ಇಡುತ್ತೇನೆ. ನಿನ್ನೆಯ ಚೀಟಿಯಲ್ಲಿ "ಹಲ್ಲುಜ್ಜಿದೆ" ಎಂದು ಮೂರು ಸಲ ಬರೆದಿದೆ. ಮೂರೂ ನನ್ನ ಕೈಬರಹವೇ.  ಮೇಲಿನ ಮಹಡಿಯ ಭಯ ಒಂದಾದರೆ, ನಿಮಗೆ ಮಾಡಿದ್ದನ್ನೇ ಮರೆತುಬಿಟ್ಟರೆ ಎನ್ನುವ ಭಯ ಇನ್ನೊಂದು. ನಾನು ಮರೆತ ದಿನ ನಿಮ್ಮ ಪರ ಸಾಕ್ಷಿ ಹೇಳುವವರು ಯಾರೂ ಉಳಿಯುವುದಿಲ್ಲ.

ಅದಕ್ಕೇ ಇವತ್ತು ಬೆಳಿಗ್ಗೆ ತಿಂಡಿಗೂ ಮುಂಚೆ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲ ಕಕ್ಕಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ನನ್ನನ್ನೇ ನೋಡಿ, "ಗುರುವಾರ ಇಬ್ಬರನ್ನೂ ಮತ್ತೆ ನೋಡ್ತೀನಿ. ಬೇರೆ ಬೇರೆ ಕಡೆ ಕೂರ್ಬೇಕು" ಎಂದರು. ಈ ಕಾಗದವನ್ನು ನರ್ಸಮ್ಮನ ಕೈಯಲ್ಲಿ ಕಳಿಸಲು ಒಪ್ಪಿದರು.

ಗುರುವಾರ ಯಾರೇ ಏನೇ ಹೇಳಿಕೊಟ್ಟರೂ ನಂಬಬೇಡಿ. ನಾನೇ ಎದುರು ಸಿಕ್ಕಿ ಆಣೆ ಹಾಕಿ ಹೇಳಿದರೂ ನಂಬಬೇಡಿ. ನಿಮಗೆ ಕೇಳಿಸಿದ್ದೇ ಸರಿ. ಗೆದ್ದು ಕೆಳಗೆ ಬನ್ನಿ. ಅಷ್ಟು ಹೊತ್ತಿಗೆ ನಾನು ಮೇಲೆ ಹೋಗಿದ್ದರೆ ಆಗಾಗ ಬಂದು ಪಕ್ಕದಲ್ಲಿ ಕೂರಿ.

ಇನ್ನೊಂದೇ ಮಾತು. ನನ್ನನ್ನು ಕ್ಷಮಿಸುವ ಮನಸ್ಸಿದ್ದರೆ ಇವತ್ತೋ ನಾಳೆಯೋ ಹೇಳಿಕಳಿಸಿ. ತಡವಾದರೆ, ಯಾವುದಕ್ಕೆ ಕ್ಷಮಿಸಿದಿರಿ ಎಂದು ನಾನೇ ನಿಮ್ಮನ್ನು ಕೇಳಿಬಿಡಬಹುದು.

ನಿಮ್ಮ ನೆನಪು ಗಟ್ಟಿಯಾಗಿರಲಿ, ನೂರು ವರ್ಷ ಬಾಳಿ.

ನಿಮ್ಮ ಪಕ್ಕದ ಕೋಣೆಯವನು