ಇಂಜಿನ್ ಬಿಚ್ಚಿದಾಗ ಕಂಡದ್ದು

ಪ್ರೀತಿಯ ಭಾವನವರಿಗೆ,

ನಿಮಗೆ ಹೇಳಬೇಕಾದ ಒಂದು ಉತ್ತರ ಐದು ವರ್ಷದಿಂದ ನನ್ನ ಹತ್ತಿರವೇ ಉಳಿದಿದೆ. ನೀವು ಹೋಗಿ ವರ್ಷವಾದ ಮೇಲೆ ಹೇಳಲು ಕೂತಿದ್ದೇನೆ. ಬೈಯಬೇಕೆನಿಸಿದರೆ ಧಾರಾಳವಾಗಿ ಬೈಯಿರಿ.

ಎಪ್ಪತ್ತೈದರ ಆ ಡಿಸೆಂಬರ್ ನೆನಪಿದೆಯೇ? ನಾನು ಹಳೇ ಪೆಟ್ರೋಲ್ ಕಾರು ತಂದು ಇನ್ನೂ ತಿಂಗಳಾಗಿರಲಿಲ್ಲ. ಪುಟ್ಟೇನಹಳ್ಳಿ ಕೆರೆಯ ಮಂಜು ನಮ್ಮ ಬಾಗಿಲವರೆಗೂ ಬರುತ್ತಿತ್ತು. ಡಿಕ್ಕಿಗೆ ಹುರುಳಿಕಾಯಿ ಮೂಟೆ ತುಂಬಿ, ಚೋಕ್ ಎಳೆದು, ಇಂಜಿನ್ ಚಾಲೂ ಮಾಡಿಟ್ಟು ನಾನು ಕಾಫಿಗೆ ಒಳಗೆ ಹೋಗುತ್ತಿದ್ದೆ. ಯಶವಂತಪುರದ ಮಂಡಿಗೆ ಹೋಗುವಾಗ ನಿಮ್ಮನ್ನು ಜಾಲಹಳ್ಳಿಯ ಫ್ಯಾಕ್ಟರಿ ಗೇಟಿನಲ್ಲಿ ಇಳಿಸುವುದು ನಮ್ಮ ಒಪ್ಪಂದ. ಪಕ್ಕದ ಮನೆಯಿಂದ ನೀವು ಮಫ್ಲರ್ ಸುತ್ತಿಕೊಂಡು ಬಂದು, ವಾಚು ನೋಡುತ್ತಾ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಿದ್ದಿರಿ.

“ಯಾಕ್ ನಂಜ, ಇಂಗೆ ನಿಲ್ಸಿ ಉರಿಸ್ತೀಯ?”

“ಚಳಿ ಅಲ್ವಾ ಭಾವ, ಹತ್ ನಿಮಿಷ ಬಿಸಿಯಾಗ್ಲಿ. ಟ್ರ್ಯಾಕ್ಟರ್ ಮುನಿಯಪ್ಪ ಹಾಗೇ ಮಾಡೋದು.”

“ಅದು ಡೀಸೆಲ್ಲು ಕಣೋ. ಇದು ಪೆಟ್ರೋಲು. ಎತ್ತನ್ನ ಕೊಟ್ಟಿಗೇಲಿ ಕಟ್ಟಾಕಿದ್ರೆ ಮೈ ಬಿಸಿಯಾಗ್ತದಾ? ಅರ್ಧ ನಿಮಿಷ ಬಿಟ್ಟು ಒರಡು. ಯಲಹಂಕ ದಾಟೋವರ್ಗೂ ನಿಧಾನಕ್ಕೆ ಓಗು, ಸಾಕು.”

ಹೊಲದಲ್ಲಿ ಮುನಿಯಪ್ಪನ ಹಿಂದೆ ಕೂತು ಟ್ರ್ಯಾಕ್ಟರ್ ಕಲಿತವನು ನಾನು. ನನಗೆ ಅವನ ಮಾತೇ ವೇದ. ನಿಮ್ಮದು ಫ್ಯಾಕ್ಟರಿ ಬುದ್ಧಿ ಎಂದು ನಕ್ಕುಬಿಟ್ಟೆ.

ಇನ್ನೊಂದು ಬೆಳಿಗ್ಗೆ ನೀವು ಆಯಿಲ್ ಅಳೆಯುವ ಕಡ್ಡಿ ಎಳೆದು ನನ್ನ ಮೂಗಿಗೆ ಹಿಡಿದಿದ್ದು ನೆನಪಾಗುತ್ತದೆ. “ಮೂಸ್ನೋಡು, ಪೆಟ್ರೋಲ್ ವಾಸನೆ. ಚೋಕ್ ಎಳ್ದಿಟ್ರೆ ಪೆಟ್ರೋಲ್ ಜಾಸ್ತಿ ಸುರೀತದೆ, ಸಿಲಿಂಡರ್ ಗೋಡೇಲಿರೋ ಆಯಿಲ್ನೆಲ್ಲ ತೊಳ್ದಾಕ್ತದೆ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಕೊಳ್ತದೆ. ನನ್ ಲೆಕ್ಕ ಇದು. ತಪ್ಪೂ ಇರ್ಬೋದು. ಇಂಜಿನ್ ಬಿಚ್ಚೋ ದಿನ ನನ್ನ ಕರಿ. ಗೆಲ್ಲಾಕಲ್ಲ, ನೋಡಾಕೆ.” ನಾನು ಕರೆಯುತ್ತೇನೆ ಎಂದು ನಿಮ್ಮ ಕೈ ಮುಟ್ಟಿ ಹೇಳಿದ್ದೆ. ಅದೆಂಥ ಕುತೂಹಲ ಭಾವ ನಿಮ್ಮದು! ಅಕ್ಕನ ಹೊಲಿಗೆ ಮಿಷಿನ್ನು, ನನ್ನ ಪಂಪ್‌ಸೆಟ್ಟು, ಯಾವುದನ್ನೂ ನೀವು ಸುಮ್ಮನೆ ಬಿಟ್ಟವರಲ್ಲ.

ಎಂಬತ್ತೊಂದರ ಚಳಿಗಾಲಕ್ಕೆ ಕಾರು ನೀಲಿ ಹೊಗೆ ಉಗುಳತೊಡಗಿತು. ಆಯಿಲ್ ಹಾಕಿದಷ್ಟೂ ಕುಡಿಯುತ್ತಿತ್ತು. ಒಂದು ಬುಧವಾರ ನಿಮ್ಮನ್ನು ಗೇಟಿನಲ್ಲಿ ಇಳಿಸಿ, ಸೀದಾ ಯಶವಂತಪುರದ ಮೆಕ್ಯಾನಿಕ್ ಹತ್ತಿರ ಹೋದೆ. ಬೇಕೆಂದೇ ನಿಮಗೆ ಹೇಳಲಿಲ್ಲ. ಅವನು ಇಂಜಿನ್ ಬಿಚ್ಚಿ, ಒಳಗೆ ಬೆರಳು ಆಡಿಸಿ ಕೇಳಿದ: “ಚೋಕ್ ಎಳ್ದು ನಿಲ್ಸಿಟ್ಕೊಂಡು ಬಿಸಿ ಮಾಡ್ತೀರಾ ಸಾರ್?” ಹೌದೆಂದು ತಲೆಯಾಡಿಸಿದೆ. ನೀವು ಹೇಳಿದ್ದನ್ನೇ ಅವನೂ ಹೇಳಿದ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ.

ನಾಲ್ಕು ದಿನ ಕಳೆದು ಕಾರು ಮನೆಗೆ ಬಂದಾಗ ನೀವು ಕೇಳಿದ್ದು ಒಂದೇ ಪ್ರಶ್ನೆ. “ಬಿಚ್ಚಿದ್ರಾ?” ನಾನು, “ಇಲ್ಲ ಭಾವ, ಕಾರ್ಬುರೇಟರ್ ಕ್ಲೀನ್ ಮಾಡಿದ್ರು ಅಷ್ಟೆ” ಎಂದೆ. ನೀವು ನಂಬಿದಿರೋ, ನಂಬಿದ ಹಾಗೆ ಮಾಡಿದಿರೋ… ಭಾಮೈದನ ಮರ್ಯಾದೆ ಉಳಿಯಲಿ ಎಂದುಕೊಂಡಿರಾ?

ಇನ್ನೂ ನಾಚಿಕೆಗೇಡಿನ ವಿಷಯವಿದೆ. ಸವೆದ ಸಿಲಿಂಡರ್ ಕೊರೆಸಿ ಹೊಸದಾಗಿ ಬೋರ್ ಮಾಡಿಸಿದ ಇಂಜಿನ್ನನ್ನೂ ನಾನು ಮರುದಿನದಿಂದ ಹತ್ತು ನಿಮಿಷ ನಿಲ್ಲಿಸಿಯೇ ಉರಿಸಿದೆ. ತಟ್ಟನೆ ಹೊರಟರೆ ನಿಮಗೆ ಗೊತ್ತಾಗಿಬಿಡುತ್ತದಲ್ಲ! ನೀವು ಕಾಯಿಲೆ ಬಿದ್ದು ಫ್ಯಾಕ್ಟರಿಗೆ ಹೋಗುವುದು ನಿಲ್ಲಿಸುವವರೆಗೂ ಈ ನಾಟಕ ನಡೆಯಿತು. ನನ್ನಂಥ ಪೆದ್ದ ಯಲಹಂಕದಲ್ಲೇ ಇನ್ನೊಬ್ಬನಿರಲಾರ.

ಆಸ್ಪತ್ರೆಯ ಕೊನೆಯ ವಾರದಲ್ಲಿ ನಾನು ಮೂಸಂಬಿ ಸುಲಿದು ಕೊಡುತ್ತಿದ್ದೆ. “ನಿನ್ ಇಂಜಿನ್ ಒಳ್ಗೆ ಎಂಗಿದೆಯೋ ಏನೋ ನಂಜ” ಎಂದಿರಿ. ಆಗಲಾದರೂ ಹೇಳಬಾರದಿತ್ತೇ? ನಾಲಿಗೆಯ ತುದಿಗೆ ಬಂದಿತ್ತು. “ಹುಷಾರಾಗಿ ಬನ್ನಿ, ಇಬ್ರೂ ಸೇರಿ ಬಿಚ್ಸೋಣ” ಎಂದುಬಿಟ್ಟೆ. ನೀವು ಸೋಲು ಗೆಲುವು ಕೇಳಿರಲಿಲ್ಲ. ಬರೀ ತಿಳಿದುಕೊಳ್ಳಬೇಕಿತ್ತು ನಿಮಗೆ. ಅಷ್ಟನ್ನೂ ಕೊಡದೆ ಕಳಿಸಿದೆನಲ್ಲ ಭಾವ, ಅದು ನನ್ನನ್ನು ಸುಡುತ್ತದೆ.

ಈಗ ಕೇಳಿ. ಸಿಲಿಂಡರಿನ ಗೋಡೆಯಲ್ಲಿ ಉದ್ದುದ್ದ ಗೀರುಗಳಿದ್ದವು. ಮೇಲಂಚಿನಿಂದ ಸ್ವಲ್ಪ ಕೆಳಗೆ ಉಗುರು ಎಳೆದರೆ ಒಂದು ಮೆಟ್ಟಿಲಿಗೆ ತಗುಲಿ ನಿಲ್ಲುತ್ತಿತ್ತು, ಅಷ್ಟು ಸವೆದಿತ್ತು. ಕೆಳಗೆ ಬಸಿದ ಆಯಿಲ್ ನೀರಿನಷ್ಟು ತೆಳ್ಳಗೆ, ಪೆಟ್ರೋಲ್ ವಾಸನೆ. ನಿಮ್ಮ ಲೆಕ್ಕ ಸರಿ. ಒಂದು ಕಡೆ ಮಾತ್ರ ತಪ್ಪಿದ್ದೀರಿ: ನಮ್ಮ ಡಿಸೆಂಬರಿಗೆ ಅರ್ಧ ನಿಮಿಷ ಸಾಲದು. ಈ ವರ್ಷ ನಾನೇ ವಾಚು ಹಿಡಿದು ನೋಡಿದೆ. ಒಂದು ನಿಮಿಷವಾದರೂ ಬೇಕು, ಇಲ್ಲದಿದ್ದರೆ ತಿರುವಿನಲ್ಲೇ ಆಫ್ ಆಗುತ್ತದೆ.

ನಿನ್ನೆ ಅಕ್ಕನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅಳುತ್ತಾಳೆ, ಇಲ್ಲವೇ ಮಾತು ಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು: “ನಾಲ್ಕ್ ಸಿಲಿಂಡರ್ರೂ ಒಂದೇ ಥರ ಸವ್ದಿತ್ತೇನೋ?”

ಅವತ್ತು ನಾಚಿಕೆಯಲ್ಲಿ ಒಂದನ್ನೇ ನೋಡಿ ಎದ್ದುಬಂದಿದ್ದೆ. ಕಾರು ಮತ್ತೆ ಹೊಗೆ ಬಿಡುತ್ತಿದೆ ಭಾವ, ಗುರುವಾರ ಬಿಚ್ಚುತ್ತಾರೆ. ಅಕ್ಕನೂ ಬರುತ್ತಾಳಂತೆ. ಈ ಸಲ ನಾಲ್ಕನ್ನೂ ನೋಡುತ್ತೇವೆ.

ನಿಮ್ಮ ಭಾಮೈದ,
ನಂಜುಂಡ