ಸರಕು ಸುಸ್ಥಿತಿಯಲ್ಲಿ ತಲುಪಿದೆ

ಮೇಲಿನ ಮನೆಯ ನನ್ನ ನಜ್ಲಾಗೆ,

ಅಲ್ಲ, ಯಾರು ಹೇಳಿದ್ದು ಎಂದು ನಿನ್ನೆ ಕೇಳಿದೆಯಲ್ಲ, ಅದಕ್ಕೆ ಉತ್ತರ ಗೊತ್ತಿಲ್ಲದೆ ನಾನು ಬೀಗದ ಕೈ ಹುಡುಕುತ್ತಾ ನಿಂತಿರಲಿಲ್ಲ. ಬೀಗದ ಕೈ ಜೇಬಿನಲ್ಲೇ ಇತ್ತು, ಅದು ನಿನಗೂ ಗೊತ್ತು. "ನನ್ನ ಹೆರಿಗೆ ನಾರ್ಮಲ್ ಅಂತ ನಿಂಗೆ ಯಾರು ಬಾಬಾ ಹೇಳಿದ್ದು?" ಎಂದು ಮೆಟ್ಟಿಲ ಕಂಬಿ ಹಿಡಿದು ಕೇಳಿದವಳು, ನಾನು ಬಾಯಿ ಬಿಡುವಷ್ಟರಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತಾ ಮೇಲೆ ಹೋಗಿಬಿಟ್ಟೆ. ನಿನ್ನ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆಯೇ ನಾನು ನನ್ನ ಬಾಗಿಲು ತೆರೆದದ್ದು.

ಹೇಳಿದ್ದು ಆ ನರ್ಸ್. ಅನಸ್ ಹುಟ್ಟಿದ ದಿನ ನಾನೂ ನಿನ್ನ ಗಂಡ ತಾಹಿರನೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಅವಳು ಕೈ ಒರೆಸಿಕೊಳ್ಳುತ್ತಾ ಬಂದು, "ಎಲ್ಲಿ ಹಾಜಿ ನನ್ನ ಸಿಹಿ? ಗಂಡು ಮಗು! ನಾರ್ಮಲ್!" ಎಂದಳು. ಅವಳ ಕೈಗೆ ಸಿಹಿಯ ದುಡ್ಡಿಟ್ಟೆ. ಅವಳು ಕೊಟ್ಟ ಆ ಒಂದು ಮಾತನ್ನು ಮೂರು ವರ್ಷ ಇಟ್ಟುಕೊಂಡೆ. ನಿನ್ನನ್ನು ಕೇಳಿ ನೋಡಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ. ಅಂಥದ್ದನ್ನೆಲ್ಲ ಮಗಳನ್ನು ಕೇಳುತ್ತಾರೆಯೇ? ನಿನ್ನ ಅಮ್ಮ ಇದ್ದಳು, ಅವಳು ಕೇಳುತ್ತಾಳೆ ಎಂದುಕೊಂಡಿದ್ದೆ. ಈಗ ಅವಳು ಹೋಗಿ ವರ್ಷವಾಯಿತು. ತಾಹಿರ್ ಮೀನಿನ ದೋಣಿಯ ಜೊತೆ ಸಮುದ್ರದ ಮೇಲಿದ್ದಾನೆ. ಹಾಗಾಗಿ ಈ ಎರಡನೇ ಬಸಿರಿಗೆ ಡಾಕ್ಟರ ಹತ್ತಿರ ನಿನ್ನ ಜೊತೆ ಬರುವ ಕೆಲಸ ನನ್ನ ಪಾಲಿಗೆ ಬಂತು. ನಾನೋ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನು ಬಾಯೊಳಗೇ ಒಂದು ಸಲ ತಿರುವಿ ಹಾಕಿಕೊಂಡು ಹೊರಟೆ.

ಆ ಸಬ್ರೀನ್ ಹುಡುಗಿ ಮೇಜಿನ ಹಿಂದಿನಿಂದ "ಪೇಷೆಂಟ್ ಹೆಸರು?" ಎಂದಾಗಲೇ ನನ್ನ ಮೊದಲ ತಪ್ಪು ಶುರುವಾಯಿತು. ಗೋಡೆಗೊರಗಿ ಮೂರ್ನಾಲ್ಕು ಗಂಡಸರು ನಿಂತಿದ್ದರು. ಅವರ ಮುಂದೆ ಮಗಳ ಹೆಸರನ್ನು ಹೇಗೆ ಬಾಯಿ ಬಿಟ್ಟು ಹೇಳುವುದು? ನಿನ್ನ ಅಮ್ಮನ ಹೆಸರು ಕೌಸರ್ ಎಂದು ನನ್ನ ಕಚೇರಿಯವರಿಗೆ ಗೊತ್ತಾದದ್ದು ಅವಳು ತೀರಿಕೊಂಡ ದಿನ. "ಅನಸ್‌ನ ಅಮ್ಮ ಅಂತ ಬರ್ಕೋ ತಾಯಿ" ಎಂದೆ. "ಅನಸ್‌ನ ಅಮ್ಮಂದಿರು ಇವತ್ತೇ ಮೂರು ಜನ ಕೂತಿದ್ದಾರೆ ಹಾಜಿ, ನಾನು ಯಾರನ್ನ ಅಂತ ಕರೀಲಿ?" "ಹಾಗಾದ್ರೆ ನನ್ನ ಹೆಸರೇ ಬರ್ಕೋ." ಅವಳು ಬರೆದುಕೊಂಡಳು. ಸರದಿ ಬಂದಾಗ ಇಡೀ ಕೋಣೆಗೆ ಕೇಳುವಂತೆ, "ಹಾಜಿ ಬಸ್ಯೂನಿ! ಪರೀಕ್ಷೆಗೆ ಒಳಗೆ ಬನ್ನಿ!" ಎಂದು ಕೂಗಿದಳು. ಸೂರ್ಯಕಾಂತಿ ಬೀಜ ಕಡಿಯುತ್ತಿದ್ದ ಆ ದಪ್ಪ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆ ಎಷ್ಟು ತಿಂಗಳು ಹಾಜಿ?" ಎಂದಳು. ಎಲ್ಲರೂ ನಕ್ಕರು. ನೀನೂ ನಕ್ಕೆ. ನಿನ್ನೆ ನೀನು ನಕ್ಕದ್ದು ಅದೊಂದೇ ಸಲ.

ಡಾಕ್ಟರ್ ಸುಹೈರ್ ನಿನ್ನ ಮುಖ ನೋಡಿ ಕೇಳಿದರು, ಮೊದಲನೇ ಹೆರಿಗೆ ಹೇಗಾಯಿತು ಎಂದು. ಪ್ರಶ್ನೆ ಬಂದದ್ದು ನಿನಗೆ. ಉತ್ತರ ಕೊಟ್ಟವನು ನಾನು. "ನಾರ್ಮಲ್, ಡಾಕ್ಟರ್. ವೆರಿ ನಾರ್ಮಲ್." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮೂವತ್ತು ವರ್ಷ ದುಮ್ಯಾತ್, ಈಜಿಪ್ಟ್ ಎಂದು ತಲೆಬರಹವಿದ್ದ ಕಾಗದದ ಮೇಲೆ ಸೋಫಾ ಕುರ್ಚಿಗಳ ಬಗ್ಗೆ ಪರದೇಶದವರಿಗೆ ಪತ್ರ ಟೈಪು ಮಾಡಿದವನು ನಾನು. ಉಳಿದ ಇಂಗ್ಲಿಷೆಲ್ಲ ಉದುರಿಹೋಗಿ ನನ್ನಲ್ಲಿ ಗಟ್ಟಿಯಾಗಿ ಉಳಿದಿರುವುದು ಆ ಪತ್ರಗಳ ಸಾಲುಗಳು ಮಾತ್ರ. ಅದನ್ನೇ ಹೇಳಿದೆ. "ಬೇಬಿ ರಿಸೀವ್ಡ್ ಇನ್ ಗುಡ್ ಕಂಡಿಷನ್." ಸರಕು ಸುಸ್ಥಿತಿಯಲ್ಲಿ ತಲುಪಿದೆ ಎಂದು ಅತ್ತಲಿನವರು ಬರೆಯುವ ಸಾಲು ಅದು. ಡಾಕ್ಟರ್ ಮುಗುಳ್ನಕ್ಕರು. ನನ್ನ ಇಂಗ್ಲಿಷ್ ಮೆಚ್ಚಿದರೆಂದುಕೊಂಡು ನಾನು ಕುರ್ಚಿಯಲ್ಲಿ ನೆಟ್ಟಗಾದೆ. ವ್ಯಾಕರಣ ಸರಿಯಾಗಿ ಬಳಸಿದೆನೇ ಎಂದು ಯೋಚಿಸುತ್ತಾ ಕೂತಿದ್ದೆ ನಜ್ಲಾ. ನೀನು ಮಡಿಲಲ್ಲಿದ್ದ ಚೀಲದ ಹಿಡಿ ತಿರುಚುತ್ತಿದ್ದದ್ದು ಕಣ್ಣಿಗೆ ಬಿದ್ದಿತ್ತು, ಆದರೂ.

ಅವರು ಬರೆದುಕೊಳ್ಳುತ್ತಲೇ ಇದ್ದರು. ಮೊದಲಿನದು ಸಲೀಸಾಗಿತ್ತು ಎಂದರೆ ನೋವು ತಾನಾಗಿ ಬರುವವರೆಗೆ ಕಾಯಬಹುದು, ಮನೆ ಹತ್ತಿರದ ಆಸ್ಪತ್ರೆಯೇ ಸಾಕು ಎಂದರು. ಆಮೇಲೆ ಸುಮ್ಮನೆ ಕೇಳುವ ಹಾಗೆ, "ಮಗ ಎರಡೂ ಕೈ ಚೆನ್ನಾಗಿ ಆಡಿಸ್ತಾನಾ?" ಎಂದರು. ನೀನು "ಬಲಗೈ..." ಎಂದೆ. ನಾನು ನಡುವೆ ಬಾಯಿ ಹಾಕಿದೆ. "ಅದು ಬರೀ ಹಟ ಡಾಕ್ಟ್ರೇ. ಎಡಗೈಲಿ ತಿಂತಾನೆ. ನಾನು ಬಿಡಲ್ಲ. ಎಡಗೈ ಮುಂದೆ ಬಂದಾಗೆಲ್ಲ ಅದರ ಮೇಲೆ ಒಂದು ಬಿಡ್ತೀನಿ, ಈಗೀಗ ದಾರಿಗೆ ಬರ್ತಿದ್ದಾನೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ನೀನು ನನ್ನ ಕಡೆ ತಿರುಗಲೂ ಇಲ್ಲ. "ಬಾಬಾ, ಸ್ವಲ್ಪ ಹೊರಗೆ ಕೂತ್ಕೋ" ಎಂದೆ. ನಿನ್ನ ದನಿ ಮೆತ್ತಗಿತ್ತು. ಅಷ್ಟು ಮೆತ್ತಗೆ ನೀನು ಮಾತಾಡುವುದು ಅನಸ್‌ಗೆ ಜ್ವರ ಬಂದಾಗ ಮಾತ್ರ.

ಹೊರಗೆ ಆ ಮುದುಕಿ ಇನ್ನೂ ಇದ್ದಳು. "ಆಚೆ ಹಾಕಿದ್ರಾ? ಹೆರೋಳು ನೀನಲ್ಲ ಅಂತ ಕೊನೆಗೂ ಗೊತ್ತಾಯ್ತಾ ಅವರಿಗೆ?" ಎಂದಳು. ಆಮೇಲೆ ಅವಳಿಗೇನನ್ನಿಸಿತೋ, ನನ್ನ ಅಂಗೈಯನ್ನು ತಾನೇ ಬಿಡಿಸಿ ಒಂದು ಹಿಡಿ ಬೀಜ ಸುರಿದಳು. ಅದನ್ನು ಹಾಗೇ ಹಿಡಿದುಕೊಂಡು ಕೂತೆ. ಮತ್ತೆ ಒಳಗೆ ಕರೆದಾಗಲೂ ಬೀಜ ಕೈಯಲ್ಲೇ ಇತ್ತು.

ಆಗ ನೀನು ಹೇಳಿದೆ. ಡಾಕ್ಟರ್, "ನಿಮ್ಮಪ್ಪನ ಎದುರಿಗೆ ಹೇಳ್ಬಹುದಾ ನಜ್ಲಾ?" ಎಂದು ಕೇಳಿದರು, ನೀನು ತಲೆಯಾಡಿಸಿ ಎಲ್ಲವನ್ನೂ ಇನ್ನೊಂದು ಸಲ ಹೇಳಿದೆ, ನನಗಾಗಿ. ತಲೆ ಹೊರಗೆ ಬಂದ ಮೇಲೆ ಭುಜ ಸಿಕ್ಕಿಕೊಂಡದ್ದು. ಇಬ್ಬರು ನಿನ್ನ ಹೊಟ್ಟೆಯ ಕೆಳಗೆ ಒತ್ತಿದ್ದು, ಒಬ್ಬರು ಎಳೆದದ್ದು. ಮಗು ಅಳದೇ ಇದ್ದದ್ದು. ಎಳೆತಕ್ಕೆ ಅವನ ಬಲದೋಳಿನ ನರ ಸೋತದ್ದು. ನಿನ್ನ ಮೈ ಹರಿದದ್ದು, ರಕ್ತ ನಿಲ್ಲದೇ ಹೋದದ್ದು, ಆಮೇಲೆ ಎಷ್ಟೋ ತಿಂಗಳು ಕೆಮ್ಮಿದರೆ ಉಚ್ಚೆ ತಡೆಯಲಾಗದೆ ಮನೆ ಬಿಟ್ಟು ಹೊರಡಲು ಹೆದರುತ್ತಿದ್ದದ್ದು. ಈ ಮಾತನ್ನೆಲ್ಲ ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ. ನೀನು ಹೇಳಿದ ಪದಗಳನ್ನೇ ಬರೆದಿದ್ದೇನೆ, ಸುತ್ತಿ ಬಳಸಿ ಬರೆದಿಲ್ಲ. ಅಷ್ಟನ್ನಾದರೂ ಮಾಡಬೇಕು ಅನ್ನಿಸಿತು.

ಏಳನೆಯ ದಿನದ ಸಂಭ್ರಮ ನೆನಪಿದೆಯಾ? ಮಗುವನ್ನು ಜರಡಿಯಲ್ಲಿ ಮಲಗಿಸಿ ನೀನು ಅದನ್ನು ಏಳು ಸಲ ದಾಟಬೇಕಿತ್ತು. ಹಿತ್ತಾಳೆ ಕುಟ್ಟಾಣಿ ಹಿಡಿದು ಮಗುವಿನ ಕಿವಿಯ ಹತ್ತಿರ ಕುಟ್ಟುತ್ತಿದ್ದವನು ನಾನೇ. "ಅಮ್ಮನ ಮಾತು ಕೇಳ್ಬೇಡ, ತಾತನ ಮಾತು ಕೇಳು" ಎಂದು ಕೂಗಿ ಎಲ್ಲರನ್ನೂ ನಗಿಸುತ್ತಿದ್ದೆ. ನೀನು ಅಮ್ಮನ ಹೆಗಲು ಹಿಡಿದು ಕಾಲೆತ್ತಲು ಬಹಳ ಹೊತ್ತು ಮಾಡಿದೆ. "ಕಾಲಿಗೇನು ಸೋಫಾದ ಕಾಲು ಕಟ್ಕೊಂಡಿದ್ದೀಯಾ, ಬೇಗ ದಾಟೇ" ಎಂದೆ. ಹೆಂಗಸರೆಲ್ಲ ಗಟ್ಟಿಯಾಗಿ ಎಣಿಸಿದರು. ನಿನ್ನ ಅಮ್ಮ ಒಬ್ಬಳೇ ಎಣಿಸಲಿಲ್ಲ. ಹರಿದ ಮೈಗೆ ಹಾಕಿದ ಹಸಿ ಹೊಲಿಗೆ ಇಟ್ಟುಕೊಂಡು ಏಳು ಸಲ ದಾಟಿದೆಯಲ್ಲೇ ಮಗಳೇ.

ಶನಿವಾರಗಳ ವಿಷಯವನ್ನೂ ನಿನ್ನೆಯೇ ಹೇಳಿದೆ, ವ್ಯಾನಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಅಮ್ಮ ಅನಸ್‌ನನ್ನು ಕರೆದುಕೊಂಡು ತಂಗಿಯ ಮನೆಗೆ ಹೋಗುತ್ತೇನೆಂದು ಹೋಗುತ್ತಿದ್ದದ್ದು ಅವನ ತೋಳಿಗೆ ಕಸರತ್ತು ಮಾಡಿಸುವವರ ಹತ್ತಿರ. "ಅಕ್ಕ ತಂಗಿಗೆ ಹರಟೆ ಎಂದಾದ್ರೂ ಮುಗಿಯುತ್ತಾ" ಎಂದು ರೇಗಿಸುತ್ತಿದ್ದೆ. "ಮುಗಿಯಲ್ಲ ಕಣ್ರೀ, ಇನ್ನೂ ಬೇಕಾದಷ್ಟಿದೆ" ಎಂದು ಚಪ್ಪಲಿ ಮೆಟ್ಟಿ ಹೋಗುತ್ತಿದ್ದಳು. ನನಗೇಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ನೀನು ಬೀದಿಗೆಲ್ಲ ಕೇಳೋ ಹಾಗೆ ಕೂಗಾಡ್ತೀಯಾ ಅಂತ, ಇಲ್ಲಾಂದ್ರೆ ಮಗುಗೆ ಏನೂ ಆಗಿಲ್ಲ ಅಂತ ನಮಗೇ ಪಾಠ ಹೇಳ್ತೀಯಾ ಅಂತ" ಎಂದೆ. ಎರಡರಲ್ಲಿ ನಾನು ಯಾವುದನ್ನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಮೊದಲು ಒಂದು, ಆಮೇಲೆ ಇನ್ನೊಂದು.

ಇವತ್ತು ಮಧ್ಯಾಹ್ನ ಅನಸ್ ಎಂದಿನಂತೆ ಊಟಕ್ಕೆ ಇಳಿದು ಬಂದ. ಫೂಲ್ ಕಾಳು ಬೇಯಿಸಿದ್ದೆ, ಸ್ವಲ್ಪ ತಳ ಹಿಡಿದಿತ್ತು. ಅವನು ನನ್ನ ಮುಖ ನೋಡುತ್ತಲೇ ರೊಟ್ಟಿಯನ್ನು ಬಲಗೈಯಲ್ಲಿ ಹಿಡಿದ. ತೋಳು ಮೇಲೇಳದು. ಅದಕ್ಕೆ ಮೊಣಕೈಯನ್ನು ಮೇಜಿನ ಅಂಚಿಗೆ ಊರಿ, ಕುತ್ತಿಗೆ ಬಗ್ಗಿಸಿ, ಬಾಯನ್ನೇ ಕೈಯ ಹತ್ತಿರ ತಂದ. ಅವನು ದಾರಿಗೆ ಬರುತ್ತಿದ್ದಾನೆ ಎಂದು ಡಾಕ್ಟರಿಗೆ ಹೇಳಿದ್ದೆನಲ್ಲ, ಅದು ಇದು. ಎಷ್ಟು ದಿನದಿಂದ ನನ್ನ ಎದುರಿಗೇ ಕೂತು ಹೀಗೆ ತಿನ್ನುತ್ತಿದ್ದಾನೆ! ರೊಟ್ಟಿಯನ್ನು ತೆಗೆದು ಅವನ ಎಡಗೈಯಲ್ಲಿಟ್ಟೆ. ಅವನು ತಿನ್ನಲಿಲ್ಲ. "ಹೊಡೀತೀಯಾ ತಾತ?" ಎಂದ. ಇಲ್ಲ ಎಂದೆ. "ಆಮೇಲೆ ಹೊಡೀತೀಯಾ?" ಎಂದ. ನಾನು ಎಡಗೈಯಲ್ಲಿ ಒಂದು ತುತ್ತು ತಿಂದು ತೋರಿಸಿದೆ. ಅದನ್ನು ನೋಡಿ ಬಾಗಿಲ ಕಡೆ ಒಂದು ಸಲ ಕಣ್ಣು ಹಾಯಿಸಿ, ಗುಟ್ಟಿನಲ್ಲಿ ತಿನ್ನುವವನ ಹಾಗೆ ಗಬಗಬ ತಿಂದ.

ಡಾಕ್ಟರ್ ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೆಯೇ ನೋಡು. ಒಮ್ಮೆ ಭುಜ ಸಿಕ್ಕಿಕೊಂಡಿದ್ದರೆ ಮತ್ತೆ ಸಿಕ್ಕಿಕೊಳ್ಳಬಹುದು, ಸಿಕ್ಕಿಕೊಳ್ಳದೆಯೂ ಇರಬಹುದು. ಈ ಮಗುವೂ ದಪ್ಪಗಿದೆ. ನೋವಿಗೆ ಕಾಯುವುದಾದರೆ ದೊಡ್ಡ ಆಸ್ಪತ್ರೆಯಲ್ಲಿ, ಕೈ ಪಳಗಿದವರು ಸಿದ್ಧವಾಗಿ ನಿಂತಿರುವ ಕಡೆ ಕಾಯಬೇಕು. ಇಲ್ಲವೇ ನೋವು ಬರುವ ಮೊದಲೇ ದಿನ ಗೊತ್ತುಮಾಡಿ ಹೊಟ್ಟೆ ಕುಯ್ದು ತೆಗೆಯಬೇಕು. ಭುಜದ ಭಯ ಅದರಲ್ಲಿ ಕಡಿಮೆ. ಆದರೆ ಅದಕ್ಕೂ ಅದರದೇ ಗಾಯ, ಅದರದೇ ರಕ್ತ, ಮುಂದಿನ ಬಸಿರಿಗೆ ಅದರದೇ ತೊಡಕು. ಇಷ್ಟು ಹೇಳಿ ಅವರು, "ನಿನಗೇನು ಬೇಕು ನಜ್ಲಾ?" ಎಂದರು. ಅಷ್ಟಾದ ಮೇಲೂ, ಕೈಯಲ್ಲಿ ಬೀಜ ಹಿಡಿದುಕೊಂಡು, "ನಮ್ಮ ಮನೆ ಹೆಂಗಸರು ಯಾವತ್ತೂ ಕತ್ತರಿ..." ಎಂದು ಶುರು ಮಾಡಿದೆನಲ್ಲ! ಡಾಕ್ಟರ್ ಕೈ ಎತ್ತಿ, "ಹಾಜಿ, ನಾನು ನಿಮ್ಮನ್ನ ಕೇಳ್ಲಿಲ್ಲ" ಎಂದರು. ಭಾನುವಾರ ಹೇಳುತ್ತೇನೆ ಎಂದು ನೀನು ಎದ್ದೆ.

ಈ ಹಾಳೆಯಲ್ಲಿ ಎರಡು ಸಾಲು ಹೊಡೆದು ಹಾಕಿದ್ದು ಕಾಣುತ್ತದೆ ನಿನಗೆ. ಅದನ್ನು ದೀಪಕ್ಕೆ ಹಿಡಿದು ಓದಬೇಡ. ಭಾನುವಾರ ನೀನು ಏನು ಹೇಳಬೇಕು ಎಂದು ನಾನು ಬರೆದದ್ದು ಅದು. ಬರೆದ ಮೇಲೆ ಗೊತ್ತಾಯಿತು, ಕಪ್ಪಾಗುವವರೆಗೂ ಗೀಚಿದೆ. ಕೈಗೆ ಅಭ್ಯಾಸ ಬಿಟ್ಟುಹೋಗಲು ಸಮಯ ಬೇಕು. ನೀನು ಯಾವುದನ್ನು ಹೇಳಿದರೂ ನಾನು ಬರುತ್ತೇನೆ, ಹೊರಗೆ ಕೂರುತ್ತೇನೆ. ಯಾರ ಜೊತೆ ಹೋಗಬೇಕೆನ್ನುವುದೂ ನಿನಗೇ ಬಿಟ್ಟದ್ದು. ತಾಹಿರನ ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ ಎಂದರೆ ಅನಸ್‌ಗೆ ಊಟ ಹಾಕಿ ಮನೆಯಲ್ಲೇ ಇರುತ್ತೇನೆ. ನಿನಗೆ ರಕ್ತ ಬೇಕಾಗಬಹುದು ಎಂದರಲ್ಲ, ಬೆಳಿಗ್ಗೆ ಕೇಳಿಕೊಂಡು ಬಂದೆ, ನನ್ನ ವಯಸ್ಸಿನವರದು ತೆಗೆದುಕೊಳ್ಳುವುದಿಲ್ಲವಂತೆ. ಹಳೆಯ ಕಚೇರಿಗೆ ಹೋಗಿ ಇಬ್ಬರು ಹುಡುಗರನ್ನು ಒಪ್ಪಿಸಿದ್ದೇನೆ. "ಯಾರಿಗೆ ಹಾಜಿ?" ಎಂದು ಕೇಳಿದರು. ನನ್ನ ಮಗಳಿಗೆ, ನಜ್ಲಾ ಅವಳ ಹೆಸರು, ಎಂದೆ. ಹೇಳಿದ ಮೇಲೆ ನೆಲ ನೋಡಿದೆ. ಆದರೂ ಹೇಳಿದೆ.

ಅಕ್ಷರಗಳು ಸಾಲು ಬಿಟ್ಟು ಓಡುತ್ತಿವೆ. ಕನ್ನಡಕದ ತಪ್ಪೆಂದುಕೊಂಡಿದ್ದೆ, ನೋಡಿದರೆ ಬೆಳಕೇ ಹೋಗುತ್ತಿದೆ. ನದಿಯ ಆಚೆ ದಡ ಆಗಲೇ ಕಾಣುತ್ತಿಲ್ಲ. ಇನ್ನು ನಿಲ್ಲಿಸಬೇಕು. ಮೇಲಿನಿಂದ ನಿನ್ನ ಬುಟ್ಟಿ ಹಗ್ಗದ ತುದಿಯಲ್ಲಿ ನನ್ನ ಬಾಲ್ಕನಿಯ ಮುಂದೆ ಬಂದು ನಿಂತಿದೆ. ಮಾತಿಲ್ಲದಿದ್ದರೂ ಬುಟ್ಟಿ ಇಳಿಸಿದೆಯಲ್ಲ, ಅಷ್ಟು ಸಾಕು ನನಗೆ. ದಿನವೂ ಅದರಲ್ಲಿ ಇಟ್ಟು ಕಳಿಸುವ ರೊಟ್ಟಿಯ ಅಡಿಯಲ್ಲಿ ಇದನ್ನು ಮಡಚಿ ಇಡುತ್ತೇನೆ. ದಿನವೂ "ಅನಸ್‌ನ ಅಮ್ಮಾ, ಎಳಿ" ಎಂದು ಕೂಗುತ್ತಿದ್ದೆ. ಇವತ್ತು ನಿನ್ನ ಹೆಸರು ಹಿಡಿದು ಕೂಗುತ್ತೇನೆ. ಕೆಳಗೆ ಕಾಫಿ ಅಂಗಡಿಯಲ್ಲಿ ಗಂಡಸರು ಕೂತಿದ್ದಾರೆ, ಕೇಳಿಸಿಕೊಳ್ಳಲಿ.

ದೇವರು ನಿನ್ನನ್ನೂ ಬರುವ ಮಗುವನ್ನೂ ನೋವಿಲ್ಲದ ದಾರಿಯಲ್ಲಿ ಬೇರೆ ಬೇರೆ ಮಾಡಿ, ಒಂದೇ ಹಾಸಿಗೆಯಲ್ಲಿ ಮಲಗಿಸಲಿ. ಹಗ್ಗವನ್ನು ನಿಧಾನ ಎಳೆ, ಭಾರ ಎತ್ತಬೇಡ.

ಹೊರಗೆ ಕೂರಲು ಕಲಿಯುತ್ತಿರುವ ನಿನ್ನ ಬಾಬಾ,
ಬಸ್ಯೂನಿ